ಮೈಕ್ರಾನ್ ಎಣಿಸುವ ಮೊದಲು

ತಮ್ಮಾ,

ಬುಧಗಾಂವದ ಇಂಜಿನಿಯರಿಂಗ್ ಕಾಲೇಜಿನಲ್ಲಿ ಓದು ಮುಗಿಸಿ, ಪುಣೆಯ ದಾರಿ ಹಿಡಿಯದೆ, ಕುಪವಾಡದ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಒಂದು ಶೆಡ್ ಬಾಡಿಗೆಗೆ ಹಿಡಿದು ಅನೋಡೈಸಿಂಗ್ ಘಟಕ ಹಾಕಬೇಕೆಂದು ಹೊರಟಿದ್ದೀಯ. ನಿಮ್ಮಪ್ಪನಿಗೆ ಇದು ಅಷ್ಟಾಗಿ ಹಿಡಿಸಿಲ್ಲ, ನನಗೆ ಹಿಡಿಸಿದೆ. ಬದುಕಿನ ಬಹುಭಾಗವನ್ನು ಆ್ಯಸಿಡ್ ಟಾಕಿಗಳ ಪಕ್ಕದಲ್ಲೇ ಕಳೆದವನು ನಾನು. ಹಗುರ ಲೋಹಗಳ ಮೈಮೇಲೆ ಆಕ್ಸೈಡ್ ಬೆಳೆಸಿ ಅವುಗಳ ಆಯುಷ್ಯ ಹೆಚ್ಚಿಸುವ ಈ ಕಸಬಿನ ಮೇಲೆ ನನಗೆ ಇಂದಿಗೂ ಪ್ರೀತಿಯಿದೆ. ಯಂತ್ರ ಮಾರಲು ಬರುವವರು ಟಾಕಿಗೆ ಕರೆಂಟ್ ಕೊಡುವ ರೆಕ್ಟಿಫೈಯರ್ ಬಗ್ಗೆ ಗಂಟೆಗಟ್ಟಲೆ ಹೇಳುತ್ತಾರೆ. ಅವರು ಹೇಳದ ಕೆಲವು ಮಾತುಗಳಿವೆ. ಅವುಗಳನ್ನು ನಿನ್ನ ದೊಡ್ಡಪ್ಪನ ಬಾಯಿಂದ ಕೇಳಿಸಿಕೋ.

ಬಣ್ಣ ಹೊರಗಿನಿಂದ ಬಂದು ಲೋಹದ ಮೇಲೆ ಕೂರುತ್ತದೆ. ಅನೋಡೈಸಿಂಗ್ ಪದರ ಹಾಗಲ್ಲ, ಅದು ಆ ಲೋಹವನ್ನೇ ತಿಂದು ಹುಟ್ಟುತ್ತದೆ. ಗಂಧಕಾಮ್ಲದಲ್ಲಿ ಬೆಳೆಸಿದ ಪದರದ ಸುಮಾರು ಮೂರನೆಯ ಎರಡು ಪಾಲು ಲೋಹದ ಒಳಕ್ಕೆ ಇಳಿದಿರುತ್ತದೆ, ಒಂದು ಪಾಲು ಮಾತ್ರ ಹೊರಕ್ಕೆ ಏರಿರುತ್ತದೆ. ಹಾಗಾಗಿ ಲೋಹದಲ್ಲಿ ಏನಿತ್ತೋ ಅದು ಪದರದಲ್ಲೂ ಇರುತ್ತದೆ. ಪದರದ ಗುಣ ಅರ್ಧ ನಿರ್ಧಾರವಾಗುವುದು ಕರೆಂಟ್ ಹಾಕುವುದಕ್ಕೆ ಮೊದಲು, ಇನ್ನರ್ಧ ಕರೆಂಟ್ ತೆಗೆದ ಮೇಲೆ. ಗಿರಾಕಿ ಮಾತ್ರ ನಡುವಿನ ಒಂದನ್ನೇ ಕೇಳುತ್ತಾನೆ: ಎಷ್ಟು ಮೈಕ್ರಾನ್? ನೀನೂ ಅದೊಂದರ ಬೆನ್ನು ಹತ್ತಿದರೆ ಮಾಲು ಚೆಂದ ಕಾಣುತ್ತದೆ, ವರ್ಷದೊಳಗೆ ವಾಪಸ್ ಬರುತ್ತದೆ.

ಈ ಲೋಹದ ಸ್ವಭಾವ ತಿಳಿಯಬೇಕಾದರೆ ಬೆಳಗಾವಿಯ ಕಡೆ ನೋಡು. ಕೊಲ್ಹಾಪುರ ಜಿಲ್ಲೆಯ ರಾಧಾನಗರಿ ತಾಲ್ಲೂಕಿನ ದುರ್ಗಮಾನವಾಡಿ ಗುಡ್ಡದಲ್ಲಿ ಅಗೆದ ಬಾಕ್ಸೈಟ್ ಬೆಳಗಾವಿಯ ಹಿಂಡಾಲ್ಕೋ ಕಾರ್ಖಾನೆಗೆ ಬರುತ್ತದೆ. ಅಲ್ಲಿ ಅದು ಅಲ್ಯೂಮಿನಾ ಎಂಬ ಬಿಳಿ ಪುಡಿಯಾಗುತ್ತದೆ. ಹಿಂದೆ ಅಲ್ಲಿ ಆ ಪುಡಿಯಿಂದ ಲೋಹ ತೆಗೆಯುವ ಸ್ಮೆಲ್ಟರ್ ಕೂಡ ಇತ್ತು. ಅಲ್ಯೂಮಿನಾದಿಂದ ಆಮ್ಲಜನಕವನ್ನು ಬಿಡಿಸಿ ಒಂದು ಕಿಲೋ ಅಲ್ಯೂಮಿನಿಯಂ ತೆಗೆಯಲು 13ರಿಂದ 15 ಯೂನಿಟ್ ವಿದ್ಯುತ್ ಬೇಕು. ಅಷ್ಟು ಬಲವಂತದಿಂದ ಬಿಡಿಸಿದ ಲೋಹ ಗಾಳಿ ಸೋಕಿದ ಕೂಡಲೇ ಆಮ್ಲಜನಕವನ್ನು ಮತ್ತೆ ಹಿಡಿದುಕೊಂಡು ಮೈಮೇಲೆ ಎರಡರಿಂದ ನಾಲ್ಕು ನ್ಯಾನೋಮೀಟರ್‌ನಷ್ಟು ತೆಳು ಪದರ ಕಟ್ಟಿಕೊಳ್ಳುತ್ತದೆ. ಬೆಳಗಾವಿಯಲ್ಲಿ ಚೀಲ ತುಂಬುವ ಅಲ್ಯೂಮಿನಾ ಮತ್ತು ಈ ಪದರ, ಎರಡೂ ಮೂಲದಲ್ಲಿ ಒಂದೇ ವಸ್ತು. ನೀನು ಟಾಕಿಯಲ್ಲಿ ಮಾಡುವ ಕೆಲಸವೂ ಹೊಸದೇನಲ್ಲ. ಲೋಹ ತಾನಾಗಿ ಮಾಡಿಕೊಳ್ಳುವುದನ್ನೇ ವಿದ್ಯುತ್ ಕೊಟ್ಟು ಸಾವಿರಾರು ಪಟ್ಟು ದಪ್ಪ ಮಾಡುವುದು.

ಕಬ್ಬಿಣವೂ ಆಮ್ಲಜನಕ ಹಿಡಿಯುತ್ತದೆ, ಆದರೆ ಅದರ ತುಕ್ಕು ಹಕ್ಕಳೆಯಾಗಿ ಉದುರಿ ಒಳಗಿನ ಲೋಹವನ್ನು ಮತ್ತೆ ಬಯಲು ಮಾಡುತ್ತದೆ. ಲೋಹ ಲೋಹಕ್ಕೆ ಈ ವ್ಯತ್ಯಾಸ ಯಾಕೆ ಎಂಬುದಕ್ಕೆ ಪಿಲ್ಲಿಂಗ್ ಮತ್ತು ಬೆಡ್‌ವರ್ತ್ ಎಂಬಿಬ್ಬರು 1923ರಲ್ಲಿ ಒಂದು ಸರಳ ಲೆಕ್ಕ ಕೊಟ್ಟರು. ಲೋಹ ಹಿಡಿದಿದ್ದ ಜಾಗಕ್ಕೆ ಹೋಲಿಸಿದರೆ ಅದರಿಂದ ಹುಟ್ಟಿದ ಆಕ್ಸೈಡ್ ಎಷ್ಟು ಜಾಗ ಹಿಡಿಯುತ್ತದೆ ಎಂಬ ಅನುಪಾತ ಅದು. ಅಲ್ಯೂಮಿನಿಯಂಗೆ 1.28, ಅಂದರೆ ಆಕ್ಸೈಡ್ ತುಸು ಬಿಗಿಯಾಗಿ ಮೈತುಂಬ ಕೂರುತ್ತದೆ. ಕಬ್ಬಿಣದ ಆಕ್ಸೈಡ್‌ಗೆ ಎರಡಕ್ಕಿಂತ ಹೆಚ್ಚು, ಜಾಗ ಸಾಲದೆ ಎದ್ದುಬರುತ್ತದೆ. ಮ್ಯಾಗ್ನೀಸಿಯಂಗೆ 0.81, ಮೈ ಮುಚ್ಚುವಷ್ಟೂ ಸಾಲದು. ಈ ಲೆಕ್ಕ ಎಲ್ಲ ಲೋಹಕ್ಕೂ ಅಕ್ಷರಶಃ ಹೊಂದುವುದಿಲ್ಲ, ಆದರೆ ಮೂರು ಅಂಕಿ ನೆನಪಿಟ್ಟುಕೊಂಡರೆ ಯಾವ ಲೋಹ ನಿನಗೆ ಸುಲಭ, ಯಾವುದು ಕಷ್ಟ ಎಂಬುದು ಗೊತ್ತಾಗುತ್ತದೆ. ಅದೇ 1923ರಲ್ಲಿ ಬ್ರಿಟನ್ನಿನಲ್ಲಿ ಬೆಂಗೋ ಮತ್ತು ಸ್ಟುವರ್ಟ್ ಎಂಬವರು ಸಮುದ್ರದ ಮೇಲೆ ಇಳಿಯುವ ವಿಮಾನಗಳ ಡ್ಯೂರಾಲುಮಿನ್ ಎಂಬ ಅಲ್ಯೂಮಿನಿಯಂ ಮಿಶ್ರಲೋಹದ ಭಾಗಗಳನ್ನು ಉಪ್ಪುನೀರಿನಿಂದ ಕಾಪಾಡಲು ಕ್ರೋಮಿಕ್ ಆಮ್ಲದಲ್ಲಿ ಆಕ್ಸೈಡ್ ಬೆಳೆಸಿದರು. 1927ಕ್ಕೆ ಗಂಧಕಾಮ್ಲದ ವಿಧಾನ ಬಂತು. ಇಂದು ನಮ್ಮ ಕಿಟಕಿ ಚೌಕಟ್ಟಿನಿಂದ ಹಿಡಿದು ಯಂತ್ರದ ಭಾಗದವರೆಗೆ ಹೆಚ್ಚಾಗಿ ನಡೆಯುವುದು ಅದೇ.

ಇನ್ನು ಕಸಬಿನ ತಿರುಳಿಗೆ ಬರೋಣ. ಗಂಧಕಾಮ್ಲದ ಟಾಕಿಯಲ್ಲಿ ಪದರ ಗಟ್ಟಿ ಹಲಗೆಯಾಗಿ ಬೆಳೆಯುವುದಿಲ್ಲ. ಆಮ್ಲ ಒಂದು ಕಡೆ ಪದರವನ್ನು ಕರಗಿಸುತ್ತಿರುತ್ತದೆ, ವಿದ್ಯುತ್ ಇನ್ನೊಂದು ಕಡೆ ಬೆಳೆಸುತ್ತಿರುತ್ತದೆ. ಈ ಜಗ್ಗಾಟದಲ್ಲಿ ಜೇನುಹುಟ್ಟಿನಂತೆ ಆರುಮೂಲೆಯ ಕೋಶಗಳು ಎದ್ದು, ಪ್ರತಿ ಕೋಶದ ನಟ್ಟನಡುವೆ ಒಂದು ಸಣ್ಣ ರಂಧ್ರ ಉಳಿಯುತ್ತದೆ. ಅಮೆರಿಕದ ಅಲ್ಕೋವಾ ಕಂಪನಿಯ ಕೆಲರ್, ಹಂಟರ್, ರಾಬಿನ್ಸನ್ ಎಂಬವರು 1953ರಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿ ಇದರ ರಚನೆಯನ್ನು ವಿವರಿಸಿದರು. ಒಂದು ಚದರ ಸೆಂಟಿಮೀಟರ್‌ನಲ್ಲಿ ಇಂಥ ರಂಧ್ರಗಳು ಸಾವಿರ ಕೋಟಿಗೂ ಮಿಗಿಲು. ರಂಧ್ರದ ತಳದಲ್ಲಿ, ನಿಜವಾಗಿ ತಡೆಗೋಡೆಯಾಗಿ ನಿಲ್ಲುವ ಗಟ್ಟಿ ಪದರ ವೋಲ್ಟ್‌ಗೆ ಸುಮಾರು ಒಂದು ನ್ಯಾನೋಮೀಟರ್. ನೀನು 15 ವೋಲ್ಟ್ ಕೊಟ್ಟಿದ್ದರೆ ಅಲ್ಲಿರುವುದು 15 ನ್ಯಾನೋಮೀಟರ್ ಅಷ್ಟೇ. ಮೇಲಿನ ಇಪ್ಪತ್ತು ಮೈಕ್ರಾನ್ ಎಲ್ಲ ಬಾಯಿ ತೆರೆದ ಕೊಳವೆಗಳು. ಆ ಬಾಯಿ ಮುಚ್ಚದೆ ಮಾಲು ಕಳಿಸಿದರೆ ಉಪ್ಪುನೀರು, ಗೊಬ್ಬರದ ನೀರು, ಕೈಬೆವರು ಎಲ್ಲ ಅದರೊಳಗೆ ಇಳಿದು ಕೂರುತ್ತವೆ. ಸರಿಯಾಗಿ ಬಾಯಿ ಮುಚ್ಚಿದ 10 ಮೈಕ್ರಾನ್ ಪದರ, ಅರೆಬರೆ ಮುಚ್ಚಿದ 25 ಮೈಕ್ರಾನ್‌ಗಿಂತ ತುಕ್ಕಿನ ಎದುರು ಹೆಚ್ಚು ಬಾಳುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಈ ಮುಚ್ಚುವ ಕೆಲಸಕ್ಕೆ ಸೀಲಿಂಗ್ ಅನ್ನುತ್ತಾರೆ. 96 ಡಿಗ್ರಿಗಿಂತ ಕಡಿಮೆಯಾಗದ ಶುದ್ಧ ನೀರಿನಲ್ಲಿ ಮಾಲನ್ನು ಮುಳುಗಿಸಿಡಬೇಕು. ಆಕ್ಸೈಡ್ ನೀರನ್ನು ಹೀರಿ ಬೋಮೈಟ್ ಎಂಬ ರೂಪಕ್ಕೆ ತಿರುಗಿ ಉಬ್ಬುತ್ತದೆ, ರಂಧ್ರದ ಬಾಯಿ ಕಟ್ಟುತ್ತದೆ. ಒಂದು ಮೈಕ್ರಾನ್‌ಗೆ ಎರಡರಿಂದ ಮೂರು ನಿಮಿಷ. 15 ಮೈಕ್ರಾನ್ ಮಾಲು ಅರ್ಧದಿಂದ ಮುಕ್ಕಾಲು ಗಂಟೆ ಕುದಿನೀರಿನಲ್ಲಿರಬೇಕು ಅಂದ ಹಾಗಾಯಿತು. ಸೌದೆಯೋ ಗ್ಯಾಸೋ ಕರೆಂಟೋ, ಇಂಧನದ ಖರ್ಚು ಬೀಳುವುದು ಇಲ್ಲೇ. ಕಳ್ಳತನ ನಡೆಯುವುದೂ ಇಲ್ಲೇ. ಹೊರಗಿನಿಂದ ನೋಡಿದರೆ ಸೀಲ್ ಆದ ಮಾಲಿಗೂ ಆಗದ ಮಾಲಿಗೂ ವ್ಯತ್ಯಾಸ ಕಾಣುವುದಿಲ್ಲವಲ್ಲ, ಹಾಗಾಗಿ ಹತ್ತು ನಿಮಿಷಕ್ಕೇ ಎತ್ತಿಬಿಡುವ ಆಸೆ ಬರುತ್ತದೆ. ಆ ಆಸೆಗೆ ಬೀಳಬೇಡ. ಹಿಂದೆ ನಾನು ಕೆಲಸ ಮಾಡಿದ ಒಂದು ಘಟಕದಲ್ಲಿ ಹೀಗೆಯೇ ಮಾಡುತ್ತಿದ್ದರು. ಮಳೆಗಾಲ ಮುಗಿಯುವ ಹೊತ್ತಿಗೆ ಗಿರಾಕಿಗಳು ಬಿಳಿ ಬೂಷ್ಟು ಹಿಡಿದ ಮಾಲನ್ನು ಗೇಟಿನ ಮುಂದೆ ತಂದು ಸುರಿದಿದ್ದರು.

ಶುದ್ಧ ನೀರು ಅಂದೆ. ಬುಧಗಾಂವ, ಮಾಧವನಗರ, ಕುಪವಾಡ ಈ ಸುತ್ತಿನಲ್ಲಿ ಇದೇ ದೊಡ್ಡ ಪ್ರಶ್ನೆ. ಈ ನೆಲ ಕಪ್ಪು ಬಸಾಲ್ಟ್ ಕಲ್ಲಿನದು. ಅದರ ಒಳಗಿನಿಂದ ಬರುವ ಬೋರ್ ನೀರಿನಲ್ಲಿ ಸಿಲಿಕಾ ಕರಗಿರುತ್ತದೆ. ಕುಡಿಯುವವರಿಗೆ ಅದರಿಂದ ತೊಂದರೆಯಿಲ್ಲ, ಸೀಲಿಂಗ್ ಟಾಕಿಗೆ ಮಾತ್ರ ಅದು ವಿಷ. ಸಿಲಿಕಾ, ಫಾಸ್ಫೇಟ್, ಫ್ಲೋರೈಡ್ ಈ ಮೂರು ಅತಿ ಕಡಿಮೆ ಪ್ರಮಾಣದಲ್ಲಿದ್ದರೂ ಆಕ್ಸೈಡ್ ನೀರು ಹೀರುವುದನ್ನೇ ತಡೆಯುತ್ತವೆ. ಸಿಲಿಕಾ ಹತ್ತು ಪಿಪಿಎಂ ದಾಟಬಾರದು, ಫಾಸ್ಫೇಟ್ ಐದು ದಾಟಬಾರದು ಎಂದು ಇಟ್ಟುಕೋ. ಇನ್ನು ಕೃಷ್ಣೆಯ ದಂಡೆಯ ಸವಳು-ಜವಳು ನಿನಗೆ ಗೊತ್ತೇ ಇದೆ. ಕಬ್ಬಿಗೆ ನೀರು ಹಾಯಿಸಿ ಹಾಯಿಸಿ ಮಿರಜ, ವಾಳವಾ, ಶಿರೋಳದಿಂದ ನಮ್ಮ ಕಾಗವಾಡ, ಅಥಣಿಯವರೆಗೆ ಎಷ್ಟು ಹೊಲಗಳಲ್ಲಿ ಉಪ್ಪು ಮೇಲೆದ್ದು ಬಿಳಿಯಾಗಿ ಕಾಣುತ್ತದೆ. ಆ ನೆಲದ ಬೋರ್ ನೀರಿನಲ್ಲಿ ಕ್ಲೋರೈಡ್ ಇರುತ್ತದೆ. ಕ್ಲೋರೈಡ್ ಇರುವ ನೀರಿನಲ್ಲಿ ಮಾಲು ತೊಳೆದರೆ ಅದು ಮೆಲ್ಲಗೆ ಆ್ಯಸಿಡ್ ಟಾಕಿಗೆ ಸೇರುತ್ತದೆ, ಕರೆಂಟ್ ಹಾಕಿದಾಗ ಎಲ್ಲೆಂದರಲ್ಲಿ ಸೂಜಿಮೊನೆಯಂಥ ಕುಳಿ ಬೀಳುತ್ತದೆ. ಆಗ ಕೆಲಸದ ಹುಡುಗರು ಲೋಹ ಸರಿಯಿಲ್ಲ ಎನ್ನುತ್ತಾರೆ, ಲೋಹದ ಅಂಗಡಿಯವರು ನಿಮ್ಮ ಆ್ಯಸಿಡ್ ಸರಿಯಿಲ್ಲ ಎನ್ನುತ್ತಾರೆ. ನೀರನ್ನು ಯಾರೂ ಅನುಮಾನಿಸುವುದಿಲ್ಲ.

ಹಾಗಾಗಿ ಕೊನೆಯ ತೊಳೆತಕ್ಕೂ ಸೀಲಿಂಗ್‌ಗೂ ಆರ್‌ಓ ನೀರು ಮಾತ್ರವಲ್ಲ, ಅದರ ಮುಂದೆ ಡಿಮಿನರಲೈಸಿಂಗ್ ರೆಸಿನ್ ಕಾಲಂ ಇರಬೇಕು. ಸೀಲಿಂಗ್ ನೀರಿನ ಪಿಎಚ್ 5.5ರಿಂದ 6.5ರ ನಡುವೆ ಇರಲಿ. ತಣ್ಣಗಿನ ನೀರಿನಲ್ಲೇ ನಿಕ್ಕಲ್ ಫ್ಲೋರೈಡ್ ಹಾಕಿ ಮುಚ್ಚುವ ವಿಧಾನವೂ ಇದೆ. ಇಂಧನ ಉಳಿಯುತ್ತದೆ, ಆದರೆ ನಿಕ್ಕಲ್ ಕೆಲಸಗಾರರ ಚರ್ಮಕ್ಕೂ ಹೊರಬಿಡುವ ನೀರಿಗೂ ಕೆಟ್ಟದ್ದು. ಶುರುವಿನಲ್ಲಿ ನಿನಗದು ಬೇಡ.

ಸೀಲ್ ಆಯಿತೋ ಇಲ್ಲವೋ ತಿಳಿಯಲು ಸುಲಭದ ಪರೀಕ್ಷೆಯಿದೆ. ಮಾಲಿನ ಒಂದು ಮೂಲೆಗೆ ಆಮ್ಲದ ಹನಿ ಸೋಕಿಸಿ, ಒರೆಸಿ, ಅಲ್ಲಿ ಬಣ್ಣದ ದ್ರಾವಣ ಹಾಕಿ, ಒಂದು ನಿಮಿಷ ಬಿಟ್ಟು ತೊಳೆದು ಉಜ್ಜಬೇಕು. ಬಣ್ಣ ಹೋದರೆ ರಂಧ್ರ ಮುಚ್ಚಿದೆ, ಕಲೆ ಉಳಿದರೆ ಮುಚ್ಚಿಲ್ಲ. ಪದರ ಇದೆಯೋ ಇಲ್ಲವೋ ನೋಡಲು ಮಲ್ಟಿಮೀಟರ್ ಸಾಕು. ಆಕ್ಸೈಡ್ ವಿದ್ಯುತ್ತನ್ನು ಹರಿಯಗೊಡುವುದಿಲ್ಲ, ಎರಡೂ ಮುಳ್ಳು ಮುಟ್ಟಿಸಿದಾಗ ಬೀಪ್ ಬಂದರೆ ಅಲ್ಲಿ ಪದರ ಇಲ್ಲ. ಟಾಕಿಯಲ್ಲಿ ಮಾಲನ್ನು ತೂಗುಹಾಕುವ ಜಿಗ್ ಹಿಡಿದ ಜಾಗದಲ್ಲಿ ಈ ಬೀಪ್ ಯಾವಾಗಲೂ ಬರುತ್ತದೆ. ಆ ಬರಿಮೈ ಜಾಗ ಎಲ್ಲಿ ಬರಬೇಕು ಎಂಬುದನ್ನು ಗಿರಾಕಿಯ ಜೊತೆ ಕೂತು ಮೊದಲೇ ಗುರುತು ಮಾಡಿಕೋ. ಭಾರತೀಯ ಮಾನಕ ಐಎಸ್ 1868ರ ಒಂದು ಪ್ರತಿ ತರಿಸಿ ಇಟ್ಟುಕೋ, ದಪ್ಪದ ದರ್ಜೆಗಳು ಅದರಲ್ಲಿವೆ. ದಪ್ಪ ಅಳೆಯುವ ಎಡ್ಡಿ ಕರೆಂಟ್ ಗೇಜ್ ಒಂದನ್ನು ಸಾಲ ಮಾಡಿಯಾದರೂ ಕೊಳ್ಳು.

ನೀರಿನ ನಂತರ ಎರಡನೆಯ ತೊಡಕು ಬಿಸಿಲು. ಗಂಧಕಾಮ್ಲದ ಟಾಕಿ 18ರಿಂದ 22 ಡಿಗ್ರಿಯಲ್ಲಿರಬೇಕು. ಏಪ್ರಿಲ್-ಮೇ ತಿಂಗಳಲ್ಲಿ ಸಾಂಗಲಿಯ ಬಿಸಿಲು 40 ಡಿಗ್ರಿಯ ಹತ್ತಿರ ಹೋಗುತ್ತದೆ, ಅದರ ಮೇಲೆ ಕರೆಂಟ್ ಹರಿದು ಟಾಕಿಯೂ ತಾನಾಗಿ ಕಾಯುತ್ತದೆ. ಕಾದ ಆಮ್ಲ ಪದರವನ್ನು ಬೆಳೆದಂತೆಲ್ಲ ಕರಗಿಸುತ್ತಾ ಬರುತ್ತದೆ. ಮೀಟರ್ ನೋಡಿದರೆ ಎಲ್ಲ ಸರಿ. ಚದರ ಡೆಸಿಮೀಟರ್‌ಗೆ ಒಂದೂವರೆ ಆಂಪಿಯರ್‌ನಂತೆ ಅರ್ಧ ಗಂಟೆ, ಲೆಕ್ಕದಲ್ಲಿ 13-14 ಮೈಕ್ರಾನ್ ಬರಬೇಕು. ಮಾಲು ಎತ್ತಿ ಬೆರಳಿನಿಂದ ಉಜ್ಜಿದರೆ ಬಿಳಿ ಪುಡಿ ಕೈಗೆ ಹತ್ತುತ್ತದೆ. ನಿನ್ನ ಹತ್ತಿರವಿರುವ ದುಡ್ಡಿನಲ್ಲಿ ದೊಡ್ಡ ರೆಕ್ಟಿಫೈಯರ್ ಅಥವಾ ಒಳ್ಳೆಯ ಚಿಲ್ಲರ್, ಎರಡರಲ್ಲಿ ಒಂದೇ ಬರುವುದಾದರೆ ಚಿಲ್ಲರ್ ತೆಗೆದುಕೋ.

ಲೋಹದ ಆಯ್ಕೆ ನಿನ್ನ ಕೈಯಲ್ಲಿಲ್ಲ, ಆದರೆ ಯಾವುದನ್ನು ಒಪ್ಪಬೇಕು ಎಂಬುದು ನಿನ್ನ ಕೈಯಲ್ಲಿದೆ. 6063, 6061 ಎಂಬ ಮಿಶ್ರಲೋಹಗಳು ಚೆನ್ನಾಗಿ ಬರುತ್ತವೆ. ತಾಮ್ರ ಬೆರೆತ 2024ರಂಥವು ತೆಳುವಾದ, ಮೆದುವಾದ ಪದರ ಕೊಡುತ್ತವೆ. ಸಾಂಗಲಿ-ಕೊಲ್ಹಾಪುರದ ಕಡೆ ನಿನಗೆ ಹೆಚ್ಚು ಬರಬಹುದಾದದ್ದು ಡೈಕಾಸ್ಟಿಂಗ್ ಮಾಲು, ಎಡಿಸಿ12ರ ಥರದ್ದು. ಅದರಲ್ಲಿ ಹತ್ತು-ಹನ್ನೊಂದು ಶೇಕಡಾ ಸಿಲಿಕಾನ್ ಇರುತ್ತದೆ, ಜೊತೆಗೆ ತಾಮ್ರ. ಸಿಲಿಕಾನ್ ಕಣಗಳು ಆಕ್ಸೈಡ್ ಆಗದೆ ಪದರದ ನಡುವೆ ಹಾಗೇ ಉಳಿಯುತ್ತವೆ, ಮೈ ಕಂದುಬೂದಿಯಾಗಿ, ಮಚ್ಚೆ ಮಚ್ಚೆಯಾಗಿ ಬರುತ್ತದೆ, ಪದರ ಎಲ್ಲ ಕಡೆ ಒಂದೇ ದಪ್ಪ ಇರುವುದಿಲ್ಲ. ಇಂಥ ಮಾಲಿಗೆ ಚೆಂದದ ಬಣ್ಣ ಕೊಡುತ್ತೇನೆ ಎಂದು ಮಾತು ಕೊಡಬೇಡ. ಲೋಹ ಯಾವುದೆಂದು ಗಿರಾಕಿ ಬರೆದುಕೊಡದ ಹೊರತು ಜಾಬ್ ಕಾರ್ಡ್ ಹರಿಯಬೇಡ.

ಈಗ ನಮ್ಮ ಮನೆಯ ವಿಷಯಕ್ಕೇ ಬರುತ್ತೇನೆ. ತಾಸಗಾಂವ ಕಡೆಯ ದ್ರಾಕ್ಷಿ ಬೆಳೆಗಾರರಿಗೆ ಬೇಕಾದ ಸ್ಪ್ರೇಯರ್ ಭಾಗಗಳನ್ನು ಅನೋಡೈಸ್ ಮಾಡಿಕೊಡುತ್ತೇನೆ, ಅವರೇ ನನ್ನ ಮೊದಲ ಗಿರಾಕಿಗಳು ಅಂದೆಯಲ್ಲ. ಯೋಚನೆ ಒಳ್ಳೆಯದು. ಆದರೆ ಆ ಸ್ಪ್ರೇಯರ್‌ನಲ್ಲಿ ಹೋಗುವುದೇನು ಎಂದು ನೋಡು. ಬೂಜುರೋಗಕ್ಕೆ ಬೋರ್ಡೋ ದ್ರಾವಣ: ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ನಿಮ್ಮಪ್ಪ ದ್ರಾವಣ ಮಾಡಿದ ಮೇಲೆ ಒಂದು ಕಬ್ಬಿಣದ ಚಾಕು ಅದ್ದಿ ನೋಡುವುದನ್ನು ನೀನು ಚಿಕ್ಕಂದಿನಿಂದ ಕಂಡಿದ್ದೀಯ. ಚಾಕುವಿನ ಮೇಲೆ ಕೆಂಪು ಬಣ್ಣ ಹತ್ತಿದರೆ ಸುಣ್ಣ ಸಾಲದು ಎಂದು ಇನ್ನಷ್ಟು ಹಾಕುತ್ತಾರೆ. ಆ ಕೆಂಪು ಏನು? ದ್ರಾವಣದಲ್ಲಿ ಬಿಡಿಯಾಗಿ ಉಳಿದ ತಾಮ್ರ, ಕಬ್ಬಿಣವನ್ನು ಕರಗಿಸಿ ಅದರ ಜಾಗದಲ್ಲಿ ಕೂತಿರುತ್ತದೆ. ಅಲ್ಯೂಮಿನಿಯಂ ಕಬ್ಬಿಣಕ್ಕಿಂತ ಇನ್ನೂ ಸುಲಭವಾಗಿ ಕರಗುವ ಸ್ವಭಾವದ್ದು. ಪದರದಲ್ಲಿ ಒಂದು ಗೀರು ಬಿದ್ದ ಕಡೆ ತಾಮ್ರದ ಚುಕ್ಕೆ ಕೂತರೆ ಆ ಚುಕ್ಕೆಯ ಸುತ್ತ ಲೋಹ ಕರಗಿ ಆಳಕ್ಕೆ ಕುಳಿ ಕೊರೆಯುತ್ತದೆ. ಸುಣ್ಣ ಹೆಚ್ಚಾದರೂ ಕಷ್ಟವೇ. ಅಲ್ಯೂಮಿನಿಯಂ ಆಕ್ಸೈಡ್ ಪಿಎಚ್ ಸುಮಾರು 4ರಿಂದ 8.5ರ ನಡುವೆ ಮಾತ್ರ ಸ್ಥಿರ. ಸುಣ್ಣದ ತಿಳಿ ಅದಕ್ಕಿಂತ ಎಷ್ಟೋ ಮೇಲಿದೆ, ಅದರಲ್ಲಿ ಪದರವೇ ಕರಗುತ್ತದೆ, ಎಷ್ಟು ಮೈಕ್ರಾನ್ ಇದ್ದರೂ.

ಅಂದರೆ ಬೋರ್ಡೋ ನೇರವಾಗಿ ಹಾಯುವ ಕೊಳವೆ, ಪಂಪಿನ ಒಳಮೈ, ನಾಝಲ್ ಇವುಗಳಿಗೆ ಅನೋಡೈಸಿಂಗ್ ಪರಿಹಾರವಲ್ಲ. ಅಲ್ಲಿ ಪ್ಲಾಸ್ಟಿಕ್, ಹಿತ್ತಾಳೆ ಅಥವಾ ಸ್ಟೇನ್‌ಲೆಸ್ ಬೇಕು ಎಂದು ಗಿರಾಕಿಗೆ ಹೇಳು. ಹಂದರದ ಕೆಳಗೆ ಓಡಾಡುವ ಬ್ಲೋವರ್‌ನ ಹೊರಕವಚ, ಫ್ಯಾನಿನ ಭಾಗ, ಹಿಡಿಕೆ, ಹನಿ ಸಿಡಿದರೂ ಸಂಜೆ ತೊಳೆಯಬಹುದಾದ ಭಾಗಗಳು, ಇವುಗಳಲ್ಲಿ ನಿನ್ನ ಪದರ ಚೆನ್ನಾಗಿ ಕೆಲಸ ಮಾಡುತ್ತದೆ. ತೆಲಸಂಗದ ನಮ್ಮ ಬಂಧುಗಳು ಕೇಳಿದರೂ ಇದನ್ನೇ ಹೇಳು. ರೈತ ಒಂದು ಹಂಗಾಮಿನಲ್ಲಿ ಪಂಪು ಕಳೆದುಕೊಂಡರೆ ಆ ವಾರದ ಸಿಂಪಡಣೆ ತಪ್ಪುತ್ತದೆ, ಸಿಂಪಡಣೆ ತಪ್ಪಿದರೆ ಗೊನೆ ಹೋಗುತ್ತದೆ. ನಿನಗೆ ಬರುವ ಜಾಬ್ ದುಡ್ಡು ಅದರ ಮುಂದೆ ಏನೂ ಅಲ್ಲ.

ಕೂಡಿಸುವ ಕಡೆ ಬರುವ ತೊಂದರೆಯನ್ನು ಇಂಜಿನಿಯರುಗಳೂ ಮರೆಯುತ್ತಾರೆ. ಅಲ್ಯೂಮಿನಿಯಂ ಭಾಗಕ್ಕೆ ಉಕ್ಕಿನ ಬೋಲ್ಟ್ ಹಾಕಿ, ನಡುವೆ ತೇವ ನಿಂತರೆ ಅಲ್ಯೂಮಿನಿಯಂ ಸವೆಯುತ್ತದೆ. ಆಗ ಎಲ್ಲರಿಗೂ ತೋಚುವುದು ಸವೆಯುವ ಅಲ್ಯೂಮಿನಿಯಂಗಷ್ಟೇ ಲೇಪ ಕೊಡುವುದು. ಅದರಲ್ಲಿ ಅಪಾಯವಿದೆ. ಆ ಲೇಪದಲ್ಲಿ ಒಂದು ಸಣ್ಣ ಗೀರು ಬಿದ್ದರೆ ದೊಡ್ಡ ಉಕ್ಕಿನ ಮೈಯ ಹಸಿವೆಲ್ಲ ಆ ಒಂದು ಗೀರಿನ ಮೇಲೆ ಬೀಳುತ್ತದೆ, ತೂತು ಬೇಗ ಬೀಳುತ್ತದೆ. ಉಕ್ಕಿನ ಭಾಗಕ್ಕೂ ಬಣ್ಣವೋ ಲೇಪವೋ ಬೇಕು, ನಡುವೆ ನೈಲಾನ್ ವಾಷರ್ ಬೇಕು. ಚೂಪು ಅಂಚುಗಳನ್ನೂ ನೋಡು. ಮೂಲೆಯಲ್ಲಿ ಪದರ ಎರಡು ಕಡೆಗೆ ಬೆಳೆಯುತ್ತಾ ನಡುವೆ ಬಿರುಕು ಬಿಡುತ್ತದೆ. ಅಂಚನ್ನು ದುಂಡಗೆ ಮಾಡಿ ಕೊಡಿ ಎಂದು ಮಷಿನ್ ಶಾಪಿನವರಿಗೆ ಹೇಳಲು ಸಂಕೋಚ ಬೇಡ. ಮತ್ತೆ ಮತ್ತೆ ಬಾಗುವ, ಅದುರುವ ಭಾಗಗಳಿಗೆ ದಪ್ಪ ಹಾರ್ಡ್ ಅನೋಡೈಸಿಂಗ್ ಮಾಡಿದರೆ ಅವುಗಳ ದಣಿವು ತಾಳುವ ಶಕ್ತಿಯೇ ಕುಗ್ಗುತ್ತದೆ, ಅದನ್ನೂ ಗಿರಾಕಿಗೆ ತಿಳಿಸು.

ಮ್ಯಾಗ್ನೀಸಿಯಂ ಬಗ್ಗೆ ನೀನು ಪ್ರಾಜೆಕ್ಟ್ ಮಾಡಿದ್ದೀಯ, ಅದರ ಸೆಳೆತ ನನಗೆ ಅರ್ಥವಾಗುತ್ತದೆ. ಒಂದು ಘನ ಸೆಂಟಿಮೀಟರ್‌ಗೆ 1.74 ಗ್ರಾಂ, ಅಲ್ಯೂಮಿನಿಯಂ 2.7, ಉಕ್ಕು 7.85. ಬೆಂಗಳೂರಿನ ಇಸ್ರೋ ಉಪಗ್ರಹ ಕೇಂದ್ರದಲ್ಲಿ ಎ.ಕೆ. ಶರ್ಮಾ ಅವರು ಮ್ಯಾಗ್ನೀಸಿಯಂ, ಮ್ಯಾಗ್ನೀಸಿಯಂ-ಲಿಥಿಯಂ ಮಿಶ್ರಲೋಹಗಳಿಗೆ, ಅಲ್ಯೂಮಿನಿಯಂಗೆ ಲೇಪಗಳನ್ನು ರೂಪಿಸಿ ಪ್ರಕಟಿಸಿದ ಪ್ರಬಂಧಗಳನ್ನು ಓದು. ಉಪಗ್ರಹಕ್ಕೆ ಆಕಾಶದಲ್ಲಿ ತುಕ್ಕಿನ ಭಯವಿಲ್ಲ. ಹಾರುವ ಮೊದಲು ನೆಲದ ತೇವದಲ್ಲಿ ಕಾಯುವಾಗ ಲೋಹ ಕೆಡಬಾರದು, ಹಾರಿದ ಮೇಲೆ ಅದೇ ಮೈ ಬಿಸಿಯನ್ನು ಬೇಕಾದಷ್ಟು ಹೊರಗೆ ಬಿಡಬೇಕು. ಒಂದು ತೆಳು ಪದರದಿಂದ ಈ ಎರಡೂ ಕೆಲಸ ಮಾಡಿಸುವುದನ್ನು ನಮ್ಮ ನೆಲದಲ್ಲೇ ಕುಳಿತು ಸಾಧಿಸಿದ್ದಾರೆ ಎಂಬುದು ನನಗೆ ಹೆಮ್ಮೆಯ ವಿಷಯ.

ಆದರೆ ಮೊದಲೇ ಹೇಳಿದ 0.81 ನೆನಪಿಸಿಕೋ. ಮ್ಯಾಗ್ನೀಸಿಯಂನ ಸ್ವಂತ ಆಕ್ಸೈಡ್ ಅದರ ಮೈ ಮುಚ್ಚುವುದಿಲ್ಲ, ಪದರಕ್ಕೆ ಬೇಕಾದ ಸಿಲಿಕೇಟ್, ಫಾಸ್ಫೇಟ್ ಟಾಕಿಯ ದ್ರಾವಣದಿಂದ ಬರಬೇಕು. ಅದಕ್ಕಾಗಿ ಕಿಡಿ ಹಾರುವಷ್ಟು ವೋಲ್ಟೇಜ್ ಏರಿಸುವ ಮೈಕ್ರೋ ಆರ್ಕ್ ಆಕ್ಸಿಡೇಶನ್ ಬಳಸುತ್ತಾರೆ. ಹೈದರಾಬಾದಿನ ಎಆರ್‌ಸಿಐ ಸಂಸ್ಥೆಯಲ್ಲಿ ಜಿ. ಸುಂದರರಾಜನ್ ಮತ್ತು ಎಲ್. ರಾಮಕೃಷ್ಣ ಇದನ್ನು ಅಲ್ಯೂಮಿನಿಯಂ ಮೇಲೆ ಆಳವಾಗಿ ಅಧ್ಯಯನ ಮಾಡಿ 2003ರಲ್ಲಿ ಪ್ರಕಟಿಸಿದ್ದಾರೆ. ಕಿಡಿ ಬಿದ್ದ ಜಾಗದಲ್ಲಿ ಕ್ಷಣಮಾತ್ರ ಸಾವಿರಾರು ಡಿಗ್ರಿ ಬಿಸಿಯಾಗಿ, ಕರಗಿ ಗಟ್ಟಿಯಾದ ಆಕ್ಸೈಡ್ ಕುರಂದದಷ್ಟು ಗಡುಸಾಗುತ್ತದೆ. ನೋಡಲು ಕಣ್ಣು ತುಂಬುವ ಕೆಲಸ. ಖರ್ಚಿನ ಲೆಕ್ಕವನ್ನೂ ಮಾಡು. ಸಾಮಾನ್ಯ ಅನೋಡೈಸಿಂಗ್‌ಗೆ 15 ವೋಲ್ಟ್, ಒಂದೂವರೆ ಆಂಪಿಯರ್, ಚದರ ಡೆಸಿಮೀಟರ್‌ಗೆ 22 ವ್ಯಾಟ್ ಚಿಲ್ಲರೆ. ಕಿಡಿಯ ವಿಧಾನದಲ್ಲಿ 500 ವೋಲ್ಟ್, ಹತ್ತು ಆಂಪಿಯರ್ ಎಂದರೂ 5000 ವ್ಯಾಟ್. ಮೇಲಾಗಿ ಆ ಕಿಡಿಗಳು ಬಿಟ್ಟುಹೋದ ರಂಧ್ರಗಳು ಅನೋಡೈಸಿಂಗ್‌ನ ರಂಧ್ರಗಳಿಗಿಂತ ಬಹಳ ದೊಡ್ಡವು. ಮ್ಯಾಗ್ನೀಸಿಯಂ ಮೇಲೆ ಅವುಗಳನ್ನು ರಾಳದಿಂದಲೋ ಬಣ್ಣದಿಂದಲೋ ಮತ್ತೆ ಮುಚ್ಚಲೇಬೇಕು. ಮೂಲ ಲೋಹದಲ್ಲಿ ಕಬ್ಬಿಣ ಹೆಚ್ಚಿದ್ದರೆ ಯಾವ ಪದರವೂ ಉಪಯೋಗಕ್ಕಿಲ್ಲ. ಎಝಡ್91ಡಿ ಮಿಶ್ರಲೋಹದಲ್ಲಿ ಕಬ್ಬಿಣಕ್ಕೆ 0.005 ಶೇಕಡಾ, ನಿಕ್ಕಲ್‌ಗೆ 0.002 ಶೇಕಡಾ ಮೇಲ್ಮಿತಿ ಇಟ್ಟಿರುವುದು ಇದಕ್ಕಾಗಿ. ಉಕ್ಕಿನ ಗುಂಡಿನಿಂದ ಶಾಟ್ ಬ್ಲಾಸ್ಟ್ ಮಾಡಿದ ಮ್ಯಾಗ್ನೀಸಿಯಂ ಮಾಲು ಬಂದರೆ ಹಾಗೇ ವಾಪಸ್ ಕಳಿಸು, ಮೈತುಂಬ ಕಬ್ಬಿಣದ ಕಣ ಹುದುಗಿರುತ್ತವೆ. ಮೊದಲ ಎರಡು-ಮೂರು ವರ್ಷ ಅಲ್ಯೂಮಿನಿಯಂನಲ್ಲೇ ಕೈ ಪಳಗಲಿ. ಕಿಡಿಯ ಕೆಲಸವನ್ನು ಕಾಲೇಜಿನ ಪ್ರಯೋಗಶಾಲೆಯ ಜೊತೆ ಸೇರಿ ಸಣ್ಣದಾಗಿ ಮಾಡುತ್ತಿರು.

ಟೈಟಾನಿಯಂ ಬೇಕಾದರೆ ಮಿರಜ ಹತ್ತಿರವೇ ಇದೆ. ನಮ್ಮ ಕಡೆಯವರು ಕೈಕಾಲು ಮುರಿದರೆ ಓಡುವುದು ಮಿರಜಕ್ಕೇ. ಅಲ್ಲಿ ಮೂಳೆಗೆ ಹಾಕುವ ಟೈಟಾನಿಯಂ ಪ್ಲೇಟು, ಸ್ಕ್ರೂಗಳ ಮೇಲೆ ನೀಲಿ, ಬಂಗಾರ, ಹಸಿರು ಬಣ್ಣ ಕಂಡರೆ ಅದು ಹಚ್ಚಿದ ಬಣ್ಣವಲ್ಲ. ಆಕ್ಸೈಡ್ ಪದರದ ದಪ್ಪಕ್ಕೆ ತಕ್ಕಂತೆ ಬೆಳಕು ಹಾಗೆ ತೋರುತ್ತದೆ. ವೋಲ್ಟ್‌ಗೆ ಸುಮಾರು ಎರಡು ನ್ಯಾನೋಮೀಟರ್ ದಪ್ಪ, ವೋಲ್ಟೇಜ್ ಏರಿಸಿದಂತೆ ಬಣ್ಣ ಬದಲಾಗುತ್ತದೆ. ಆ ಬಣ್ಣದಿಂದ ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆ ಸ್ಕ್ರೂವಿನ ಅಳತೆ ಗುರುತಿಸುತ್ತಾರೆ. ಮನುಷ್ಯನ ದೇಹದೊಳಗೆ ಹೋಗುವ ವಸ್ತುವಿಗೆ ಬೇರೆಯೇ ಪರವಾನಗಿ, ಬೇರೆಯೇ ಶಿಸ್ತು ಬೇಕು. ಈಗಲೇ ಅದಕ್ಕೆ ಕೈ ಹಾಕಬೇಡ.

ಕೆಲಸದ ಹುಡುಗರ ವಿಷಯದಲ್ಲಿ ಮಾತ್ರ ನಾನು ಕಟುವಾಗಿ ಹೇಳುತ್ತೇನೆ. ಹಳೆಯ ಕ್ರೋಮೇಟ್ ವಿಧಾನಗಳು ತುಕ್ಕಿನ ಎದುರು ಬಹಳ ಚೆನ್ನಾಗಿದ್ದವು, ಆದರೆ ಆರು ವೇಲೆನ್ಸಿಯ ಕ್ರೋಮಿಯಂ ಕ್ಯಾನ್ಸರ್ ತರುತ್ತದೆ, ಅದರ ಹಬೆಯಲ್ಲಿ ವರ್ಷಗಟ್ಟಲೆ ನಿಂತವರ ಮೂಗಿನ ನಡುಗೋಡೆ ತೂತಾಗುತ್ತದೆ. ನಿನ್ನ ಶೆಡ್ಡಿಗೆ ಅದು ಬರಕೂಡದು. ಹೈಡ್ರೋಫ್ಲೋರಿಕ್ ಆ್ಯಸಿಡ್ ಇನ್ನೂ ಮೋಸದ್ದು. ತೆಳುವಾದ ದ್ರಾವಣ ಕೈಗೆ ಬಿದ್ದರೆ ಆ ಕ್ಷಣ ಉರಿಯೂ ತಿಳಿಯದೆ ಇರಬಹುದು, ಅದು ಒಳಗಿಳಿದು ಮೂಳೆಯ ಕ್ಯಾಲ್ಸಿಯಂಗೆ ಕೈ ಹಾಕುತ್ತದೆ. ಟೈಟಾನಿಯಂ ಅಥವಾ ಸಿಲಿಕಾನ್ ಹೆಚ್ಚಿರುವ ಮಾಲು ತೊಳೆಯಲು ಯಾವತ್ತಾದರೂ ಅದನ್ನು ತರಬೇಕಾಗಿ ಬಂದರೆ, ಕ್ಯಾಲ್ಸಿಯಂ ಗ್ಲೂಕೋನೇಟ್ ಜೆಲ್ ಮೊದಲು ಬರಲಿ, ಆ್ಯಸಿಡ್ ಆಮೇಲೆ. ಗಂಧಕಾಮ್ಲಕ್ಕೆ ನೀರು ಸುರಿಯಬಾರದು, ನೀರಿಗೆ ಆಮ್ಲ ಸುರಿಯಬೇಕು ಎಂಬುದನ್ನು ಗೋಡೆಯ ಮೇಲೆ ಕನ್ನಡದಲ್ಲೂ ಮರಾಠಿಯಲ್ಲೂ ದೊಡ್ಡದಾಗಿ ಬರೆಸು. ಜತ್ತ ಕಡೆಯಿಂದ ಕೆಲಸಕ್ಕೆ ಬರುವ ಹುಡುಗರಿಗೆ ಮನೆಮಾತು ಕನ್ನಡ, ಅವಸರದಲ್ಲಿ ಕಣ್ಣಿಗೆ ಬೀಳುವುದು ಮನೆಮಾತೇ.

ಹೊರಗೆ ಬಿಡುವ ನೀರಿನ ಬಗ್ಗೆ ಇನ್ನೂ ಯೋಚಿಸಿಲ್ಲ ಎಂದೆ. ಶೆಡ್ಡಿನ ನಕ್ಷೆಯಲ್ಲಿ ಮೊದಲು ಗುರುತಾಗಬೇಕಾದ್ದು ಅದೇ. ಮಹಾರಾಷ್ಟ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಒಪ್ಪಿಗೆ ಇಲ್ಲದೆ ಒಂದು ಟಾಕಿಯನ್ನೂ ಇಳಿಸಬೇಡ. ಮಾಲು ತೊಳೆದ ಆ್ಯಸಿಡ್ ನೀರನ್ನೂ ಕಾಸ್ಟಿಕ್ ಸೋಡಾ ನೀರನ್ನೂ ಒಂದೇ ತೊಟ್ಟಿಗೆ ತಂದರೆ ಒಂದು ಇನ್ನೊಂದನ್ನು ಬಹುಪಾಲು ತಣಿಸುತ್ತದೆ, ಉಳಿದದ್ದಕ್ಕೆ ಸುಣ್ಣ. ಪಿಎಚ್ ತಟಸ್ಥ ಮಟ್ಟದ ಹತ್ತಿರ ಬಂದಾಗ ಅಲ್ಯೂಮಿನಿಯಂ ಬಿಳಿ ಗಸಿಯಾಗಿ ತಳ ಸೇರುತ್ತದೆ, ಆ ಗಸಿಯನ್ನು ಒಣಗಿಸಿ ಅಧಿಕೃತ ಜಾಗಕ್ಕೇ ಕಳಿಸಬೇಕು. ಇಲ್ಲಿಯ ಹಳ್ಳಗಳೆಲ್ಲ ಕೊನೆಗೆ ಸೇರುವುದು ಕೃಷ್ಣೆಯನ್ನು. ಹರಿಪುರದಲ್ಲಿ ವಾರಣೆ, ನರಸೋಬಾವಾಡಿಯಲ್ಲಿ ಪಂಚಗಂಗೆ ಕೂಡಿದ ಮೇಲೆ ಆ ನೀರು ಗಡಿ ದಾಟಿ ಉಗಾರ, ಕುಡಚಿಯ ಮುಂದೆ ಹಾಯ್ದು ಹಿಪ್ಪರಗಿಗೆ ಹೋಗುತ್ತದೆ. ನಿನ್ನ ಅಕ್ಕನ ಮನೆಯ ನಳಕ್ಕೆ ಬರುವುದೂ ಅದೇ ನೀರು.

ಈ ವಾರ ಶೆಡ್ಡಿನ ಮಾಲೀಕರಿಗೆ ಮುಂಗಡ ಕೊಡಬೇಡ. ಆ ಜಾಗದ ಬೋರ್ ನೀರನ್ನು ಎರಡು ಸ್ವಚ್ಛ ಬಾಟಲಿಯಲ್ಲಿ ತುಂಬಿ ಪರೀಕ್ಷೆಗೆ ಕೊಡು. ಸಿಲಿಕಾ, ಕ್ಲೋರೈಡ್, ಫ್ಲೋರೈಡ್, ಫಾಸ್ಫೇಟ್, ಒಟ್ಟು ಕರಗಿದ ಲವಣ ಇಷ್ಟೂ ಬರೆದುಕೊಡಲು ಹೇಳು. ಬೇಸಿಗೆಯ ನೀರು ಬೇರೆ, ಮಳೆಗಾಲದ ನೀರು ಬೇರೆ, ಆದ್ದರಿಂದ ಅಕ್ಕಪಕ್ಕದ ಘಟಕದವರ ಹಳೆಯ ವರದಿ ಇದ್ದರೆ ಅದನ್ನೂ ಕೇಳಿ ತೆಗೆದುಕೋ. ವರದಿ ಬಂದ ಕೂಡಲೇ ಫೋನ್ ಮಾಡು, ರೆಸಿನ್ ಕಾಲಂ ಎಷ್ಟು ದೊಡ್ಡದು ಬೇಕು, ಟಾಕಿಗಳನ್ನು ಯಾವ ಅಳತೆಯಲ್ಲಿ ಕಟ್ಟಿಸಬೇಕು ಎಂದು ಇಬ್ಬರೂ ಕೂತು ಲೆಕ್ಕ ಹಾಕೋಣ.